ಕಾಡುಬಸಳೆಯ ಹುಳಿಯೂ ಬೆಂಜಮಿನ್ ಹೇನನ ಪತ್ರವೂ

ಕಾಡುಬಸಳೆಯೆಂಬ ಗಿಡವು ಕನ್ನಡನಾಡಿನವರಿಗೆ ಅಪರಿಚಿತವಾದುದಲ್ಲ. ಬೇಲಿಗಳ ಬುಡದಲ್ಲಿಯೂ ಹಿತ್ತಿಲುಗಳಲ್ಲಿಯೂ ಬೆಳೆಯುವ ಈ ಗಿಡದ ದಪ್ಪನಾದ ಎಲೆಯನ್ನು ಕಿತ್ತು ಒದ್ದೆಮಣ್ಣಿನ ಮೇಲಿಟ್ಟರೆ ಅದರ ಅಂಚಿನ ಕಚ್ಚುಗಳಿಂದ ಮರಿಗಿಡಗಳು ಹುಟ್ಟುತ್ತವೆ. ಇದಕ್ಕೆ ಪರ್ಣಬೀಜವೆಂಬ ಸಂಸ್ಕೃತನಾಮವೂ, ಮೊಳೆಯುವ ಎಲೆ ಎಂಬರ್ಥವುಳ್ಳ ಬ್ರಯೋಫಿಲ್ಲಮ್ ಎಂಬ ಗ್ರೀಕ್ ಮೂಲದ ನಾಮವೂ ಬಂದಿರುವುದು ಈ ಗುಣದಿಂದಲೇ. ಜರ್ಮನ್ ಕವಿಯಾದ ಗಯಟೆಗೆ ಈ ಗಿಡದ ಮೇಲೆ ಬಲು ಮಮತೆಯಿದ್ದು, ಅವನು ವೈಮಾರಿನಲ್ಲಿ ಇದನ್ನು ಬೆಳೆಯಿಸಿ ಇದರ ಎಲೆಗಳನ್ನು ಸ್ನೇಹಿತರಿಗೆ ಕಳುಹಿಸುತ್ತಿದ್ದನೆಂಬುದು ಸಾಹಿತ್ಯಾಭ್ಯಾಸಿಗಳಲ್ಲಿ ಕೆಲವರಿಗೆ ತಿಳಿದಿರಬಹುದು. ಇದರ ಮೂಲಸ್ಥಾನವು ಮಡಗಾಸ್ಕರ್ ದ್ವೀಪ. ಆದಕಾರಣ ಪ್ರಾಚೀನ ನಿಘಂಟುಗಳಲ್ಲಿ ಹೇಳಿರುವ ಪಾಷಾಣಭೇದಿಯು ಈ ಗಿಡವೇ ಎಂದು ನಿಶ್ಚಯಿಸುವವರು ಸ್ವಲ್ಪ ಎಚ್ಚರಿಕೆಯಿಂದಿರುವುದು ಒಳ್ಳೆಯದು.

ಎಲೆಯಂಚಿನಲ್ಲಿ ಮರಿ ಹುಟ್ಟುವುದು ಕಣ್ಣಿಗೆ ಕಾಣುವ ವಿಶೇಷ. ಅದಕ್ಕಿಂತ ಗಹನವಾದ ಇನ್ನೊಂದು ವಿಶೇಷವು ಈ ಎಲೆಯಲ್ಲಿ ಅಡಗಿದೆ. ಅದು ಮೊದಲು ಗೊತ್ತಾದುದು ಕಣ್ಣಿಗಲ್ಲ, ನಾಲಗೆಗೆ. ಬೆಳಗಿನ ಜಾವದಲ್ಲಿ ಎಲೆಯನ್ನು ಅಗಿದರೆ ಹುಳಿಯಾಗಿರುತ್ತದೆ. ಹೊತ್ತೇರಿದಂತೆ ಹುಳಿಯು ಕುಂದುತ್ತ ನಡುಹಗಲಿಗೆ ಸಪ್ಪೆಯಾಗುತ್ತದೆ. ಸಂಜೆಗೆ ತುಸು ಕಹಿಯೇ ಆಗುತ್ತದೆ. ಈ ಸಂಗತಿಯನ್ನು ಪಾಶ್ಚಾತ್ಯ ವಿದ್ವಲ್ಲೋಕಕ್ಕೆ ಅಚ್ಚಿನಲ್ಲಿ ತಿಳಿಸಿದವನು ಬೆಂಜಮಿನ್ ಹೇನ್. ಅವನು 1813ರಲ್ಲಿ ಲಂಡನ್ನಿನ ಲಿನ್ನೇಯ ಸಂಘದ ಉಪಾಧ್ಯಕ್ಷನಾಗಿದ್ದ ಲ್ಯಾಂಬರ್ಟನಿಗೆ ಬರೆದ ಪತ್ರವು 1815ರಲ್ಲಿ ಆ ಸಂಘದ ಪ್ರಕಟನೆಗಳ ಹನ್ನೊಂದನೆಯ ಸಂಪುಟದಲ್ಲಿ ಮುದ್ರಿತವಾಯಿತು. ಮಾಂಸಲ ಸಸ್ಯಗಳಲ್ಲಿ ನಡೆಯುವ, ಈಗ ಕ್ರಾಸುಲೇಸಿಯ ಆಮ್ಲಕ್ರಮವೆಂದು ಕರೆಯಲ್ಪಡುವ ವ್ಯಾಪಾರವನ್ನು ಕಂಡುಹಿಡಿದವನು ಹೇನನೆಂದು ಪಠ್ಯಗ್ರಂಥಗಳಲ್ಲಿ ಹೇಳುವುದು ವಾಡಿಕೆ. ಈ ಮಾತು ಎಷ್ಟರಮಟ್ಟಿಗೆ ನಿಜ, ಅವನು ಕಂಡುದೇನು, ಕಾಣದೆ ಹೋದುದೇನು, ಕಂಡುದರ ಅರ್ಥವು ತಿಳಿಯುವುದಕ್ಕೆ ನೂರಮೂವತ್ತಕ್ಕೂ ಹೆಚ್ಚು ವರ್ಷಗಳು ಏಕೆ ಬೇಕಾದುವು ಎಂಬುದು ವಿಚಾರಾರ್ಹವಾಗಿದೆ.

ಹೇನನು 1770ರಲ್ಲಿ ಸ್ಯಾಕ್ಸನಿ ದೇಶದಲ್ಲಿ ಹುಟ್ಟಿದವನು. ಮೊರೇವಿಯನ್ ಪಂಥದ ಮಿಷನರಿಯಾಗಿ ತರಂಗಂಬಾಡಿಗೆ ಬಂದು, ಅನಂತರ ಈಸ್ಟ್ ಇಂಡಿಯಾ ಕಂಪೆನಿಯ ಸೇವೆಗೆ ಸೇರಿ, ಗೋದಾವರೀ ಪ್ರಾಂತದ ಸಾಮಲಕೋಟೆಯ ತೋಟದಲ್ಲಿ ಸಸ್ಯಶಾಸ್ತ್ರಜ್ಞನಾಗಿ ಕೆಲಸಮಾಡಿದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಮೈಸೂರು ಸೀಮೆಯ ಮೋಜಣಿಯು ಆರಂಭವಾದಾಗ, ವೈದ್ಯನೂ ಪ್ರಕೃತಿಶಾಸ್ತ್ರಜ್ಞನೂ ಆಗಿ ಅದಕ್ಕೆ ನೇಮಕವಾದವನು ಇವನೇ. ಹೈದರಾಲಿಯು 1760ರಲ್ಲಿ ಹಾಕಿಸಿ ಟಿಪ್ಪೂ ಸುಲ್ತಾನನು ವಿಸ್ತರಿಸಿದ್ದ ಬೆಂಗಳೂರಿನ ಲಾಲ್‌ಬಾಗ್ ತೋಟವು ಕೆಲವು ವರ್ಷಗಳ ಕಾಲ ಅವನ ವಶದಲ್ಲಿದ್ದಿತು. ಅವನು ದಕ್ಷಿಣದೇಶದಲ್ಲಿ ಮಾಡಿದ ಸಂಚಾರಗಳ ವೃತ್ತಾಂತವು 1814ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪವಾಗಿ ಹೊರಬಂದಿತು. 1819ರಲ್ಲಿ ಅವನು ಮದರಾಸಿನಲ್ಲಿ ತೀರಿಕೊಂಡನು. ಮೈಸೂರಿನ ಸಸ್ಯಚರಿತ್ರೆಯಲ್ಲಿ ಇವನ ಹೆಸರಿಗೆ ಸ್ಥಾನವುಂಟೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಷ್ಟರಿಂದಲೇ, ಕಾಡುಬಸಳೆಯ ಎಲೆಯನ್ನು ಅವನು ಲಾಲ್‌ಬಾಗಿನಲ್ಲಿ ನಿಂತೇ ಅಗಿದನೆಂದು ಊಹಿಸಿ ನಾಡಿನ ಕೀರ್ತಿಗೆ ಒಂದು ಗರಿಯನ್ನು ಸೇರಿಸಿಕೊಳ್ಳುವುದು ಚರಿತ್ರಕಾರರಿಗೆ ಸಲ್ಲದು.

ಪತ್ರವು ಚಿಕ್ಕದು. ಅದರಲ್ಲಿ ತಕ್ಕಡಿಯ ಮಾತಿಲ್ಲ, ಅಳತೆಯ ಅಂಕಿಗಳಿಲ್ಲ, ನಾಲಗೆಯೇ ಉಪಕರಣ. ಮುಂಜಾನೆ ಈ ಎಲೆಗಳು ಹುಳಿಸೊಪ್ಪಿನಷ್ಟಾದರೂ ಹುಳಿಯಾಗಿರುವುವೆಂದೂ, ಹಗಲು ಮುಂದುವರಿದಂತೆ ಆ ಹುಳಿಯು ಕಳೆಯುವುದೆಂದೂ ಹೇನನು ತಿಳಿಸುತ್ತಾನೆ. ಬಳಿಕ ಅದಕ್ಕೆ ಕಾರಣವನ್ನೂ ಕೊಡುತ್ತಾನೆ. ರಾತ್ರಿಯಲ್ಲಿ ಎಲೆಯು ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಹುಳಿಯಾಗುತ್ತದೆ. ಹಗಲಿನಲ್ಲಿ ಬೆಳಕಿನ ಪ್ರೇರಣೆಯಿಂದ ಅದನ್ನು ಬಿಟ್ಟುಬಿಡುವುದರಿಂದ ಹುಳಿಯು ಹೋಗುತ್ತದೆ. ಪತ್ರದ ಶಿರೋನಾಮೆಯಲ್ಲಿಯೇ ಎಲೆಗಳು ಆಮ್ಲಜನಕವನ್ನು ಕಳೆದುಕೊಳ್ಳುವುದೆಂಬರ್ಥದ ಪದವನ್ನು ಹಾಕಲಾಗಿದೆ.

ಇಂದಿನ ಓದುಗನಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಆ ಕಾಲದ ರಸಾಯನಶಾಸ್ತ್ರವನ್ನು ನೆನೆದರೆ ಇದಕ್ಕಿಂತ ಸಹಜವಾದ ಸಮಾಧಾನವು ಮತ್ತೊಂದಿಲ್ಲ. ಫ್ರಾನ್ಸಿನ ಲವ್ವಾಸಿಯೆಯು ಸಮಸ್ತ ಆಮ್ಲಗಳಿಗೂ ಒಂದೇ ಮೂಲದ್ರವ್ಯವು ಕಾರಣವೆಂದು ಬಗೆದು, ಆ ವಾಯುವಿಗೆ ಹುಳಿಯನ್ನು ಹುಟ್ಟಿಸತಕ್ಕದ್ದು ಎಂಬರ್ಥದ ಹೆಸರನ್ನು ಗ್ರೀಕ್ ಧಾತುಗಳಿಂದ ಕಲ್ಪಿಸಿದನು. ಕನ್ನಡದ ಆಮ್ಲಜನಕ ಎಂಬ ಪದವು ಅದರ ಅಕ್ಷರಶಃ ಅನುವಾದ. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು, ಉಪ್ಪಿನಿಂದ ಹುಟ್ಟುವ ತೀಕ್ಷ್ಣವಾದ ಆಮ್ಲದಲ್ಲಿ ಆಮ್ಲಜನಕವು ಲೇಶವೂ ಇಲ್ಲವೆಂದು ವಾದಿಸಿ ಆ ಸಿದ್ಧಾಂತದ ಬುಡವನ್ನು ಅಲುಗಿಸಿದನು. ಆದರೂ ಹೆಸರು ಉಳಿದುಕೊಂಡಿತು, ಕನ್ನಡದಲ್ಲಿಯೂ ಉಳಿದಿದೆ. ಶಬ್ದಾರ್ಥವು ತಪ್ಪಾಗಿದ್ದರೂ ರೂಢಿಯಲ್ಲಿ ಸಾಧುವಾಗಿರುವ ಪಾರಿಭಾಷಿಕ ಪದಕ್ಕೆ ಇದೊಂದು ಉತ್ತಮ ನಿದರ್ಶನ. ಹೇನನಿಗೆ ಮಾತ್ರ ಆ ಪದವು ಬರಿಯ ಸಂಕೇತವಾಗಿರಲಿಲ್ಲ. ಅದರ ಅರ್ಥವೇ ಅವನ ತರ್ಕವಾಗಿದ್ದಿತು. ಗಿಡಗಳು ಹಗಲಿನಲ್ಲಿ ಆಮ್ಲಜನಕವನ್ನು ಬಿಡುವುವೆಂಬುದನ್ನು ಪ್ರೀಸ್ಟ್‌ಲಿಯೂ, ಅದಕ್ಕೆ ಬೆಳಕು ಅವಶ್ಯಕವೆಂಬುದನ್ನು 1779ರಲ್ಲಿ ಇಂಗೆನ್‌ಹೌಸನೂ ತೋರಿಸಿಕೊಟ್ಟಿದ್ದರು. ಹುಳಿಯನ್ನು ಮಾಡತಕ್ಕ ವಸ್ತುವು ಹೊರಟುಹೋದರೆ ಹುಳಿಯೂ ಹೋಗಲೇಬೇಕಷ್ಟೆ! ಅವನ ಯುಕ್ತಿಯಲ್ಲಿ ಬಿರುಕಿರಲಿಲ್ಲ. ಅದು ನಿಂತಿದ್ದ ನೆಲವು ಗಟ್ಟಿಯಾಗಿರಲಿಲ್ಲ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು. ಹೇನನ ಪತ್ರಕ್ಕೆ ಒಂಬತ್ತು ವರ್ಷಗಳ ಮೊದಲೇ, ಅಂದರೆ 1804ರಲ್ಲಿ, ಜಿನೀವಾ ನಗರದ ನಿಕೊಲಾ ತೆಯೊಡೋರ್ ದ ಸೊಸ್ಸೂರನು ಸಸ್ಯಗಳ ರಾಸಾಯನಿಕ ಪರಿಶೋಧನೆಯ ತನ್ನ ಗ್ರಂಥದಲ್ಲಿ ಪಾಪಾಸುಕಳ್ಳಿಯ ಮೇಲೆ ನಡೆಸಿದ ಪ್ರಯೋಗಗಳನ್ನು ವಿವರಿಸಿದ್ದನು. ಸಾಮಾನ್ಯವಾದ ಎಲೆಯು ರಾತ್ರಿಯಲ್ಲಿ ಆಮ್ಲಜನಕವನ್ನು ತೆಗೆದುಕೊಂಡು ಸುಮಾರಾಗಿ ಅಷ್ಟೇ ಇಂಗಾಲಾಮ್ಲವಾಯುವನ್ನು ಹೊರಗೆ ಬಿಡುತ್ತದೆ. ಪಾಪಾಸುಕಳ್ಳಿಯ ಹಾಳೆಯಾದರೋ ಮುಚ್ಚಿದ ಪಾತ್ರೆಯೊಳಗೆ ಇರುಳಲ್ಲಿ ಆಮ್ಲಜನಕವನ್ನು ಹೀರುತ್ತಿದ್ದಿತು, ಅದಕ್ಕೆ ಸಲ್ಲುವ ಇಂಗಾಲಾಮ್ಲವಾಯುವನ್ನು ಕೊಡುತ್ತಿರಲಿಲ್ಲ. ಪಾತ್ರೆಯ ಗಾಳಿಯ ಗಾತ್ರವೇ ಕುಗ್ಗುತ್ತಿದ್ದಿತು. ಮತ್ತೆ ಹಗಲಿನಲ್ಲಿ, ಇಂಗಾಲಾಮ್ಲವಾಯುವಿಲ್ಲದ ಗಾಳಿಯಲ್ಲಿಟ್ಟರೂ ಅದು ಆಮ್ಲಜನಕವನ್ನು ಬಿಡುತ್ತಿದ್ದಿತು. ಹೀಗೆ ಒಬ್ಬನು ಗಾಳಿಯನ್ನು ಅಳೆದನು, ಇನ್ನೊಬ್ಬನು ರುಚಿಯನ್ನು ನೋಡಿದನು. ಗಾಳಿಯನ್ನು ಅಳೆದವನು ಕಳ್ಳಿಯ ರುಚಿಯನ್ನು ವಿಚಾರಿಸಲಿಲ್ಲ. ರುಚಿಯನ್ನು ನೋಡಿದವನ ಕೈಯಲ್ಲಿ ಗಾಳಿಯನ್ನು ಅಳೆಯುವ ಸಾಧನವಿರಲಿಲ್ಲ. ಈ ಎರಡು ಅರ್ಧಗಳನ್ನು ಒಂದಾಗಿ ಜೋಡಿಸಿದರೆ ರಾತ್ರಿಯಲ್ಲಿ ಮಾಯವಾಗುವ ಇಂಗಾಲಾಮ್ಲವಾಯುವೇ ಬೆಳಗಿನ ಹುಳಿಯಾಗಿದೆಯೆಂಬ ನಿಜವು ಹೊರಪಡುತ್ತಿದ್ದಿತು. ಕೀರ್ತಿಯನ್ನು ಹಂಚಬೇಕಾದರೆ ಸೊಸ್ಸೂರನಿಗೆ ಹೇನನಿಗಿಂತ ಕಡಮೆ ಪಾಲನ್ನು ಕೊಡುವುದು ನ್ಯಾಯವಲ್ಲ. ಈ ಗಿಡಗಳು ಇರುಳಲ್ಲಿ ಇಂಗಾಲಾಮ್ಲವಾಯುವನ್ನು ಹೀರುವುದಕ್ಕೆ ಮುಂದಿನವರು ಸೊಸ್ಸೂರನ ಹೆಸರನ್ನೇ ಇಟ್ಟುದು ಸರಿಯಾಗಿದೆ.

ಜೋಡಣೆಯು ಏಕೆ ಆಗಲಿಲ್ಲ? ಪ್ರಯೋಗಗಳು ಕಡಮೆಯಾದುದರಿಂದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಶಾಲೆಗಳು ಈ ಗಿಡಗಳನ್ನು ಬಹುವಾಗಿ ಪರೀಕ್ಷಿಸಿದುವು. ಲೀಬಿಗನು ಗಿಡಗಳಲ್ಲಿ ಇಂಗಾಲಾಮ್ಲವಾಯುವು ಮೊದಲು ಹುಳಿಯಾಗಿ, ಆ ಹುಳಿಯೇ ಕ್ರಮವಾಗಿ ಸಕ್ಕರೆಯಾಗುವುದೆಂದು ಹಿಂದೆಯೇ ಪ್ರತಿಪಾದಿಸಿದ್ದನು. ಹುಳಿಯಾದ ಕಾಯಿಯು ಸಿಹಿಯಾದ ಹಣ್ಣಾಗುವುದನ್ನು ಕಂಡವರಿಗೆ ಇದು ಒಪ್ಪಿಗೆಯಾಗುವಂತೆಯೇ ಇದ್ದಿತು. ಅಡಾಲ್ಫ್ ಮೇಯರನು 1870ರ ದಶಕದಲ್ಲಿ ಕಾಡುಬಸಳೆಯ ಎಲೆಗಳನ್ನು ತೆಗೆದುಕೊಂಡು, ಇಂಗಾಲಾಮ್ಲವಾಯುವಿಲ್ಲದ ಗಾಳಿಯಲ್ಲಿ ಅವು ಬೆಳಕಿನಿಂದ ಆಮ್ಲಜನಕವನ್ನು ಬಿಡುವುದನ್ನೂ ಅದರೊಡನೆ ಹುಳಿಯು ಇಳಿಯುವುದನ್ನೂ ತೋರಿಸಿದನು. ಹಾಲೆಂಡಿನ ಹ್ಯೂಗೊ ದ ವ್ರೀಸನು 1884ರಲ್ಲಿ ಮಾಂಸಲ ಸಸ್ಯಗಳಲ್ಲಿ ಹುಳಿಯು ನಿಯತಕಾಲದಲ್ಲಿ ಹುಟ್ಟಿ ಅಡಗುವುದನ್ನು ಕುರಿತು ಪ್ರತ್ಯೇಕವಾಗಿ ಬರೆದನು. ವಂಶಾನ್ವಯ ನಿಯಮಗಳ ಪುನಶ್ಶೋಧನೆಯಿಂದ ಪ್ರಸಿದ್ಧನಾದ ದ ವ್ರೀಸನೇ ಇವನು. ಫ್ರಾನ್ಸಿನಲ್ಲಿ 1892ರಲ್ಲಿ ಓಬೇರನು ಈ ಗಿಡಗಳ ಉಸಿರಾಟವನ್ನೂ, ಅಮೆರಿಕದಲ್ಲಿ 1915ರಲ್ಲಿ ರಿಚರ್ಡ್ಸನು ಕಳ್ಳಿಗಳ ಹುಳಿಯನ್ನೂ ವಾಯುವಿನಿಮಯವನ್ನೂ ವಿಸ್ತಾರವಾಗಿ ಅಳೆದರು. ಇಷ್ಟೆಲ್ಲ ಅಳತೆಗಳ ಮಧ್ಯದಲ್ಲಿಯೂ ಹುಳಿಯು ಹೇಗೆ ಹುಟ್ಟುವುದೆಂಬ ಪ್ರಶ್ನೆಗೆ ಬಂದ ಉತ್ತರವು ಬಹುಮಟ್ಟಿಗೆ ಒಂದೇ: ರಾತ್ರಿಯಲ್ಲಿ ಗಿಡವು ಉಸಿರಾಡುವಾಗ ಅದರೊಳಗಿನ ಸಕ್ಕರೆಯು ಪೂರ್ತಿಯಾಗಿ ಉರಿಯದೆ ಅರ್ಧಕ್ಕೆ ನಿಂತು ಹುಳಿಯಾಗಿ ಉಳಿಯುತ್ತದೆ.

ಈ ಉತ್ತರದ ಹಿಂದೆ ಒಂದು ದೃಢವಾದ ನಂಬಿಕೆಯಿದ್ದಿತು. ಗಿಡವು ಗಾಳಿಯಲ್ಲಿರುವ ಇಂಗಾಲವನ್ನು ಸೇರಿಸಿಕೊಳ್ಳುವುದು ಬೆಳಕಿನಲ್ಲಿ ಮಾತ್ರ. ಕತ್ತಲೆಯಲ್ಲಿ ಅದಕ್ಕೆ ಉಸಿರಾಟವೊಂದೇ ಕೆಲಸ. ಸೊಸ್ಸೂರನ ಕಳ್ಳಿಯಲ್ಲಿ ಇಂಗಾಲಾಮ್ಲವಾಯುವು ಕಾಣದಿದ್ದರೆ, ಅದು ಹೊರಗೆ ಬಾರದೆ ಎಲೆಯ ರಸದಲ್ಲಿ ಕರಗಿರಬೇಕು, ಅಥವಾ ಹುಟ್ಟಿಯೇ ಇರಲಾರದು ಎಂದು ಹೇಳಿದರೆ ಸಾಕಾಗಿದ್ದಿತು. ನಂಬಿಕೆಗೆ ಸಾಕ್ಷ್ಯವನ್ನು ಹೊಂದಿಸುವುದು ಸಾಕ್ಷ್ಯಕ್ಕೆ ನಂಬಿಕೆಯನ್ನು ಹೊಂದಿಸುವುದಕ್ಕಿಂತ ಸುಲಭವಾದುದರಿಂದ, ಶಾಸ್ತ್ರಜ್ಞರೂ ಈ ವಿಷಯದಲ್ಲಿ ಲೌಕಿಕರಂತೆಯೇ ನಡೆದುಕೊಂಡರು.

ಹುಳಿಯ ಸ್ವರೂಪದ ವಿಷಯದಲ್ಲಿಯೂ ತೊಡಕುಗಳಿದ್ದುವು. ಅದು ಮುಖ್ಯವಾಗಿ ಮ್ಯಾಲಿಕ್ ಆಮ್ಲ, ಅಂದರೆ 1785ರಲ್ಲಿ ಸ್ವೀಡನ್ನಿನ ಷೇಲೆಯು ಸೇಬಿನ ರಸದಿಂದ ಬೇರ್ಪಡಿಸಿದ ಆಮ್ಲ. ಆದರೆ ಈ ಗಿಡಗಳಿಂದ ತೆಗೆದ ಆಮ್ಲದ ಕೆಲವು ಗುಣಗಳು ಸೇಬಿನ ಆಮ್ಲಕ್ಕೆ ಸರಿಹೊಂದದಿದ್ದುದರಿಂದ ಇದು ಬೇರೆಯೇ ಒಂದು ಜಾತಿಯ ಮ್ಯಾಲಿಕ್ ಆಮ್ಲವೆಂಬ ವಾದವು ಹುಟ್ಟಿತು. ಆ ಬೇರೆಯ ಆಮ್ಲವು ಐಸೊಸಿಟ್ರಿಕ್ ಆಮ್ಲವೇ ಎಂದು 1942ರಲ್ಲಿ ಅಮೆರಿಕದ ಪ್ಯೂಚರ್, ವಿಕರಿ ಮೊದಲಾದವರು ತೋರಿಸಿಕೊಟ್ಟ ಮೇಲೆ ಗೊಂದಲವು ತೀರಿತು. ಎಲೆಯಲ್ಲಿ ಎರಡೂ ಇವೆ. ಹಗಲಿರುಳಿನೊಡನೆ ಬಹಳವಾಗಿ ಏರಿ ಇಳಿಯತಕ್ಕದ್ದು ಸೇಬಿನ ಆಮ್ಲವೇ.

ಬಾಗಿಲನ್ನು ತೆರೆದವರು ಸಸ್ಯಶಾಸ್ತ್ರಜ್ಞರಲ್ಲ. 1930ರ ದಶಕದ ನಡುವಿನಲ್ಲಿ ಅಮೆರಿಕದ ವುಡ್ ಮತ್ತು ವರ್ಕ್‌ಮನ್ ಎಂಬಿಬ್ಬರು, ಹಸುರಿನ ಲೇಶವೂ ಇಲ್ಲದ ಒಂದು ಬಗೆಯ ಸೂಕ್ಷ್ಮಜೀವಿಗಳು ಬೆಳಕಿನ ಸಹಾಯವಿಲ್ಲದೆ ಇಂಗಾಲಾಮ್ಲವಾಯುವನ್ನು ತಮ್ಮ ದ್ರವ್ಯದಲ್ಲಿ ಸೇರಿಸಿಕೊಳ್ಳುವುವೆಂದು ಸಿದ್ಧಮಾಡಿದರು. ಕತ್ತಲೆಯಲ್ಲಿ ಇಂಗಾಲಸಂಗ್ರಹವು ಅಸಾಧ್ಯವೆಂಬ ಮಾತು ಅಲ್ಲಿಗೆ ಮುರಿಯಿತು. ಇಂಗ್ಲೆಂಡಿನ ನ್ಯೂಕ್ಯಾಸಲಿನಲ್ಲಿ ಮೆರಿಯನ್ ಥಾಮಸನೂ ಅವನ ಸಂಗಡಿಗರೂ ಈ ದೃಷ್ಟಿಯಿಂದ ಕಾಡುಬಸಳೆಯ ಜಾತಿಯನ್ನು ಹೊಸದಾಗಿ ಪರೀಕ್ಷಿಸತೊಡಗಿದರು. 1948ರಲ್ಲಿ ಅಮೆರಿಕದ ಬಾನರ್ ಸೋದರರು, ಮಾಂಸಲ ಸಸ್ಯಗಳಲ್ಲಿ ರಾತ್ರಿ ಹುಳಿಯು ಹುಟ್ಟುವುದಕ್ಕೆ ಇಂಗಾಲಾಮ್ಲವಾಯುವು ಬೇಕೆಂದು ತೋರಿಸಿದರು. ಅದೇ ವರ್ಷ ಥರ್ಲೋ ಮತ್ತು ಬಾನರ್ ಎಂಬವರು ವಿಕಿರಣಶೀಲವಾದ ಇಂಗಾಲದಿಂದ ಕೂಡಿದ ವಾಯುವನ್ನು ಕತ್ತಲೆಯಲ್ಲಿ ಕಾಡುಬಸಳೆಯ ಎಲೆಗಳಿಗೆ ಉಣಿಸಿ, ಗುರುತುಳ್ಳ ಆ ಇಂಗಾಲವು ಎಲೆಯಲ್ಲಿ ನೆಲೆಗೊಂಡುದನ್ನು ಕಂಡರು. ಸೊಸ್ಸೂರನ ಅರ್ಧವೂ ಹೇನನ ಅರ್ಧವೂ ಕೂಡಿಕೊಂಡುದು ಈ ವರ್ಷದಲ್ಲಿ ಎನ್ನಬಹುದು. ಸೊಸ್ಸೂರನ ಗ್ರಂಥದಿಂದ ಇಲ್ಲಿಗೆ ನೂರನಲವತ್ತನಾಲ್ಕು ವರ್ಷಗಳು.

ಇನ್ನುಳಿದ ಕಥೆಯು ಬೇಗಬೇಗನೆ ನಡೆಯಿತು. ಇಂಗಾಲವನ್ನು ಹಿಡಿಯತಕ್ಕ ಕಿಣ್ವವನ್ನು 1953ರಲ್ಲಿ ಬ್ಯಾಂಡರ್‌ಸ್ಕಿ ಮತ್ತು ಗ್ರೈನರ್ ಎಂಬವರು ಬೇರೊಂದು ಸೊಪ್ಪಿನಲ್ಲಿ ಕಂಡುಹಿಡಿದರು. ಅದು ಕಾಡುಬಸಳೆಯ ಕುಟುಂಬದಲ್ಲಿಯೂ ಇರುವುದನ್ನು 1957ರಲ್ಲಿ ವಾಕರನು ತೋರಿಸಿದನು. 1960ರಲ್ಲಿ ರ‍್ಯಾನ್ಸನ್ ಮತ್ತು ಥಾಮಸ್ ಈ ವಿಷಯದ ಸಮಗ್ರ ಸಮೀಕ್ಷೆಯನ್ನು ಬರೆದು, ಇಂದು ಪ್ರಚಾರದಲ್ಲಿರುವ ಹೆಸರನ್ನೇ ಅದಕ್ಕೆ ಶಿರೋನಾಮೆಯಾಗಿ ಇಟ್ಟರು.

ಈಗ ತಿಳಿದಿರುವ ಕ್ರಮವು ಇಂತಿದೆ. ಸಾಮಾನ್ಯ ಸಸ್ಯಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದಿಟ್ಟು ಇಂಗಾಲಾಮ್ಲವಾಯುವನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಅದೇ ದ್ವಾರಗಳಿಂದ ನೀರಾವಿಯು ಹೊರಗೆ ಹೋಗುವುದನ್ನು ತಡೆಯಲಾರವು. ಮಾಂಸಲ ಸಸ್ಯಗಳು ಬಿಸಿಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು, ಗಾಳಿಯು ತಂಪಾಗಿ ತೇವವಾಗಿರುವ ರಾತ್ರಿಯಲ್ಲಿ ತೆರೆಯುತ್ತವೆ. ಆಗ ಒಳಗೆ ಬಂದ ಇಂಗಾಲವನ್ನು, ಪಿಷ್ಟವು ಮುರಿದು ಹುಟ್ಟಿದ ಮೂರು ಇಂಗಾಲಗಳ ದ್ರವ್ಯವೊಂದಕ್ಕೆ ಆ ಕಿಣ್ವವು ಸೇರಿಸಿ ನಾಲ್ಕು ಇಂಗಾಲಗಳ ಆಮ್ಲವನ್ನಾಗಿ ಮಾಡುತ್ತದೆ. ಅದೇ ರೂಪಾಂತರಹೊಂದಿ ಮ್ಯಾಲಿಕ್ ಆಮ್ಲವಾಗಿ, ಜೀವಕೋಶದ ನಡುವಣ ದೊಡ್ಡ ರಸಕುಹರದಲ್ಲಿ ಕೂಡಿಡಲ್ಪಡುತ್ತದೆ. ಇಂಥ ಗಿಡಗಳ ಎಲೆಯು ದಪ್ಪವಾಗಿರುವುದರ ಒಂದು ಪ್ರಯೋಜನವು ಇದು: ಹುಳಿಯನ್ನು ತುಂಬುವುದಕ್ಕೆ ಹಗೇವು ದೊಡ್ಡದಾಗಿರಬೇಕು. ಬೆಳಗಾಗಿ ರಂಧ್ರಗಳು ಮುಚ್ಚಿದ ಮೇಲೆ ಆಮ್ಲವು ಕುಹರದಿಂದ ಹೊರಬಂದು ಒಡೆಯುತ್ತದೆ; ಅದರಿಂದ ಬಿಡುಗಡೆಯಾದ ಇಂಗಾಲಾಮ್ಲವಾಯುವನ್ನು, ಹೊರಕ್ಕೆ ಬಿಡದೆ, ಎಲ್ಲ ಹಸುರು ಗಿಡಗಳಲ್ಲಿ ನಡೆಯುವ ಸಾಮಾನ್ಯವಾದ ದ್ಯುತಿಸಂಶ್ಲೇಷಣೆಯ ಕ್ರಮದಿಂದ ಸಕ್ಕರೆಯನ್ನಾಗಿ ಮಾಡಲಾಗುತ್ತದೆ. ಉಳಿದ ಮೂರು ಇಂಗಾಲಗಳ ತುಂಡು ಮರಳಿ ಪಿಷ್ಟವನ್ನು ಸೇರುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲಾಮ್ಲವಾಯುವಿಲ್ಲದಿದ್ದರೂ ಸೊಸ್ಸೂರನ ಕಳ್ಳಿಯು ಹಗಲಿನಲ್ಲಿ ಆಮ್ಲಜನಕವನ್ನು ಬಿಟ್ಟುದೇಕೆಂಬುದು ಇದರಿಂದ ಸ್ಪಷ್ಟವಾಗುವುದು: ಅದಕ್ಕೆ ಬೇಕಾದ ವಾಯುವು ಹಿಂದಿನ ರಾತ್ರಿಯೇ ಒಳಗೆ ಬಂದು ಹುಳಿಯ ರೂಪದಲ್ಲಿ ಕಾದಿತ್ತು. ಹೇನನ ಹುಳಿಯು ನಡುಹಗಲಿಗೆ ಕಳೆದುದೂ ಈ ವೆಚ್ಚದಿಂದಲೇ. ಆಮ್ಲಜನಕವು ಹೊರಟುದರಿಂದ ಹುಳಿಯು ಹೋಯಿತೆಂದು ಅವನು ತಿಳಿದನು. ಹುಳಿಯು ಹೋಗುವುದೂ ಆಮ್ಲಜನಕವು ಹೊರಡುವುದೂ ಒಂದೇ ಹೊತ್ತಿನಲ್ಲಿ ನಡೆಯುವ ಸಂಗತಿಗಳಾದುದರಿಂದ ಅವನ ಮಾತು ಸತ್ಯದ ಬಳಿಯಲ್ಲಿಯೇ ಸುಳಿದು ಹೋಯಿತು.

ನೀರಿನ ಲೆಕ್ಕದಲ್ಲಿ ಈ ಉಪಾಯದ ಬೆಲೆಯು ತಿಳಿಯುತ್ತದೆ. ಒಂದು ಗ್ರಾಮ್ ಇಂಗಾಲಾಮ್ಲವಾಯುವನ್ನು ಗಳಿಸುವುದಕ್ಕೆ ಸಾಮಾನ್ಯ ಸಸ್ಯವು 400ರಿಂದ 500 ಗ್ರಾಮ್ ನೀರನ್ನು ಕಳೆದುಕೊಂಡರೆ, ಈ ಸಸ್ಯಗಳು 50ರಿಂದ 100 ಗ್ರಾಮ್ ಮಾತ್ರ ಕಳೆದುಕೊಳ್ಳುತ್ತವೆ. ಆದರೆ ಒಂದು ರಾತ್ರಿಯ ಗಳಿಕೆಗೆ ಕುಹರದ ಗಾತ್ರವೇ ಮಿತಿಯಾದುದರಿಂದ ಕಳ್ಳಿಗಳಂಥವುಗಳ ಬೆಳವಣಿಗೆಯು ಸಾಮಾನ್ಯವಾಗಿ ನಿಧಾನ. ಮಿತವ್ಯಯಿಗಳು ಬೇಗನೆ ಶ್ರೀಮಂತರಾಗುವುದಿಲ್ಲವಷ್ಟೆ. ಅನಾನಸು, ಕತ್ತಾಳೆ, ಲೋಳೆಸರ, ಮರಗಳ ಮೇಲೆ ಬೆಳೆಯುವ ಸೀತಾಳೆಗಳಲ್ಲಿ ಅನೇಕವು, ವೆನಿಲ, ಇವೆಲ್ಲವೂ ಈ ವರ್ಗಕ್ಕೆ ಸೇರಿದುವು. ನಾಳವುಳ್ಳ ಸಸ್ಯಜಾತಿಗಳಲ್ಲಿ ನೂರಕ್ಕೆ ಆರರಷ್ಟು ಜಾತಿಗಳು ಹೀಗೆ ರಾತ್ರಿಯ ಸಂಪಾದನೆಯಿಂದ ಬದುಕುವುವೆಂದು ಅಂದಾಜು. ಕೆಲವು ಗಿಡಗಳು ನೀರು ಸುಲಭವಾಗಿರುವಾಗ ಸಾಮಾನ್ಯ ಕ್ರಮವನ್ನೂ, ಕೊರತೆ ಬಂದಾಗ ಈ ಕ್ರಮವನ್ನೂ ಅವಲಂಬಿಸುತ್ತವೆ. ಸಮುದ್ರತೀರದ ಒಂದು ಮಾಂಸಲ ಗಿಡಕ್ಕೆ ಉಪ್ಪುನೀರನ್ನು ಹಾಕಿ ಈ ಮಾರ್ಪಾಡನ್ನು ಉಂಟುಮಾಡಬಹುದೆಂದು 1972ರಲ್ಲಿ ಜರ್ಮನಿಯ ವಿಂಟರ್ ಮತ್ತು ಫಾನ್ ವಿಲರ್ಟ್ ತೋರಿಸಿದರು. ಇನ್ನೂ ಆಶ್ಚರ್ಯವೆಂದರೆ, ನೀರಿನ ಕೊರತೆಯೇ ಇಲ್ಲದ ಐಸೊಯಿಟೀಸ್ ಎಂಬ ಜಲಸಸ್ಯದಲ್ಲಿಯೂ ಇದು ನಡೆಯುವುದು 1981ರಲ್ಲಿ ಕೀಲಿಯಿಂದ ತಿಳಿದುಬಂದಿತು. ಅಲ್ಲಿ ಕೊರತೆಯು ಇಂಗಾಲಾಮ್ಲವಾಯುವಿನದು. ಹಗಲಿನಲ್ಲಿ ಕೊಳದ ಇತರ ಗಿಡಗಳು ಅದನ್ನು ಮುಗಿಸಿಬಿಡುವುದರಿಂದ ಇದು ರಾತ್ರಿಯಲ್ಲಿ ಶೇಖರಿಸಿಕೊಳ್ಳುತ್ತದೆ.

ಭಾರತೀಯರಲ್ಲಿ ಜಗದೀಶಚಂದ್ರ ಬೋಸರು 1924ರ ತಮ್ಮ ಗ್ರಂಥದಲ್ಲಿ, ಹೈಡ್ರಿಲ ಎಂಬ ಜಲಸಸ್ಯವು ಬೇಸಗೆಯಲ್ಲಿ ಹುಳಿಯನ್ನು ಕೂಡಿಟ್ಟು ಅದನ್ನು ಬೆಳಕಿನಲ್ಲಿ ಉಪಯೋಗಿಸಿಕೊಳ್ಳುವುದನ್ನು ವರ್ಣಿಸಿದ್ದಾರೆ. ಹೈಡ್ರಿಲದ ಕ್ರಮವು ಕಾಡುಬಸಳೆಯ ಕ್ರಮವೇ ಅಲ್ಲ, ಅದಕ್ಕೆ ಬಂಧುವಾದ ಮತ್ತೊಂದು ಎಂದು ಅನಂತರ ಗೊತ್ತಾಗಿದೆ. ಆದರೂ ಗಿಡದ ಹುಳಿಯು ಉಸಿರಾಟದ ಕಸವಲ್ಲ, ಅದು ಇಂಗಾಲದ ನಿಧಿಯಾಗಿರಬಹುದು ಎಂಬ ಭಾವನೆಯು ಆ ಕಾಲದಲ್ಲಿ ವಿರಳವಾಗಿದ್ದುದರಿಂದ ಬೋಸರ ಈ ಪ್ರಕರಣವನ್ನು ಇನ್ನೊಮ್ಮೆ ಓದಿ ನೋಡುವುದು ಅವಶ್ಯಕ.

ಹಳೆಯ ಲೇಖನಗಳನ್ನು ಹುಡುಕುವವರು ಹೆಸರುಗಳ ವಿಷಯದಲ್ಲಿ ಜಾಗರೂಕರಾಗಿರಬೇಕು. ಲಮಾರ್ಕನು 1786ರಲ್ಲಿ ಕಾಟಿಲೀಡನ್ ಪಿನ್ನೇಟ ಎಂದುದೂ, ಹೇನನು ಕಾಟಿಲೀಡನ್ ಕ್ಯಾಲಿಸೈನ ಎಂದುದೂ, 1805ರಲ್ಲಿ ಸಾಲ್ಸ್‌ಬರಿಯು ಬ್ರಯೋಫಿಲ್ಲಮ್ ಕ್ಯಾಲಿಸೈನಮ್ ಎಂದುದೂ, ಈಚಿನವರು ಕಲಾಂಕೊಯಿ ಪಿನ್ನೇಟ ಎನ್ನುವುದೂ ಕಾಡುಬಸಳೆಯೆಂಬ ಈ ಒಂದೇ ಗಿಡವನ್ನು.